ಸಿದ್ದಾಪುರ ಕಡೆಯ ತೋಟದ ಮನೆ ಹೋಮ್‌ಸ್ಟೇ: ಬಂದವರಿಗೆ ಎರಡು ದಿನ ಏನು ಮಾಡಿಸಬಹುದು?

ತೋಟದಂಚು ಕೇಳಿದ್ದು:

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಹಳ್ಳಿಯಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ. ಮೂರು ಎಕರೆ ಅಡಿಕೆ ತೋಟ, ಮುಕ್ಕಾಲು ಎಕರೆ ಗದ್ದೆ, ತೋಟದ ಕೆಳಗೆ ಹಳ್ಳ, ಹಿಂದೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಅದರಾಚೆ ಕಾನು (ದಟ್ಟ ಕಾಡು). ಬರುವವರು ಹೆಚ್ಚಾಗಿ ಬೆಂಗಳೂರು, ಹುಬ್ಬಳ್ಳಿ ಕಡೆಯ ಕುಟುಂಬಗಳು, ಎರಡು ರಾತ್ರಿ ಇರುತ್ತಾರೆ. ಜೋಗ ನೋಡಿ ಬಂದ ಮೇಲೆ "ಇನ್ನೇನಿದೆ ಇಲ್ಲಿ?" ಅಂತ ಕೇಳುತ್ತಾರೆ. ರೈನ್ ಡ್ಯಾನ್ಸ್, ಜಿಪ್‌ಲೈನ್, ಡಿಜೆ ನಮಗೆ ಬೇಡ.

ಕೇಳಬೇಕಾಗಿರೋದು ಇಷ್ಟು. ಯಾವ ತಿಂಗಳಲ್ಲಿ ಯಾವ ಚಟುವಟಿಕೆ ಇಟ್ಟುಕೊಳ್ಳಬಹುದು? ಕಾಡು, ಹಳ್ಳದ ಕಡೆ ಕರೆದುಕೊಂಡು ಹೋಗುವಾಗ ಏನು ಎಚ್ಚರ ಬೇಕು? ಯಕ್ಷಗಾನವನ್ನು ಮನೆಯಂಗಳದಲ್ಲಿ ಮಾಡಿಸಬಹುದೇ? ಇದೇ ಕೆಲಸ ಮಾಡುತ್ತಿರುವವರು ವಿವರವಾಗಿ ಬರೆದರೆ ಉಪಕಾರ.

---

ಸೊಪ್ಪಿನಬೆಟ್ಟ ಉತ್ತರ:

ಚಟುವಟಿಕೆ ಅಂತ ಬೇರೆ ಹುಟ್ಟಿಸಲು ಹೋಗಬೇಡಿ. ಆ ವಾರ ತೋಟದಲ್ಲಿ ಯಾವ ಕೆಲಸ ನಡೆಯುತ್ತದೋ ಅದಕ್ಕೇ ಬಂದವರನ್ನು ಜೋಡಿಸಿ. ಪ್ರದರ್ಶನಕ್ಕೆಂದೇ ಕೊನೆಗೌಡನನ್ನು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನನ್ನು) ಕರೆಸಿ ಒಂದು ಮರ ಹತ್ತಿಸಿದರೆ ಅವನಿಗೆ ಅರ್ಧ ದಿನ ಹಾಳು, ನಿಮಗೆ ದಂಡ, ನೋಡುವವರಿಗೆ ಐದು ನಿಮಿಷದ ವಿಡಿಯೋ. ಕೊಯ್ಲಿನ ದಿನವೇ ಬಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ನೋಡಲು ಇದೆ.

ಕೊನೆ ಕೊಯ್ಲು ದೀಪಾವಳಿ ಆಚೀಚೆ ಶುರುವಾಗಿ ಫೆಬ್ರವರಿವರೆಗೆ ಹಂತ ಹಂತವಾಗಿ ಹೋಗುತ್ತದೆ. ನೋಡುವವರನ್ನು ನಿಲ್ಲಿಸುವ ಜಾಗ ಮೊದಲೇ ಗೊತ್ತು ಮಾಡಿ. ಕೊನೆಗೌಡ ಒಂದು ಮರ ಇಳಿದು ಇನ್ನೊಂದು ಹತ್ತುವುದಿಲ್ಲ, ಮೇಲಿಂದಲೇ ಮರ ಬಾಗಿಸಿ ಪಕ್ಕದ್ದಕ್ಕೆ ದಾಟುತ್ತಾನೆ. ಹಾಗಾಗಿ ಮುಂದಿನ ಕೊನೆ ಎಲ್ಲಿಂದ ಬರುತ್ತದೆ ಅಂತ ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಹಗ್ಗದಲ್ಲಿ ಜಾರಿಸಿದ ಕೊನೆ ಹಿಡಿಯುವವನ ಕೈಗೆ ಬಂದರೂ ಬಿಡಿ ಕಾಯಿ, ಒಣ ಹಾಳೆ, ಕೆಲವೊಮ್ಮೆ ಚಗಳಿ (ಕೆಂಪಿರುವೆ) ಸುತ್ತ ಉದುರುತ್ತವೆ. ಕೊಯ್ಯುತ್ತಿರುವ ಸಾಲಿನಿಂದ ಕನಿಷ್ಠ ನಾಲ್ಕು ಸಾಲು ದೂರ, ಆಗಲೇ ಕೊಯ್ದು ಮುಗಿದ ಬದಿಯಲ್ಲಿ ನಿಲ್ಲಿಸಿ. ಈಗ ಹಲವರು ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊಯ್ಯುತ್ತಾರೆ. "ಒಂದ್ ಸಲ ನಾನೂ ಹಿಡೀತೀನಿ" ಅನ್ನುವವರು ಇದ್ದೇ ಇರುತ್ತಾರೆ, ಕೊಡಬೇಡಿ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ತೋಟದ ಮೇಲೆ ಲೈನ್ ಹೋಗಿದ್ದರಂತೂ ಕೇಳುವುದೇ ಬೇಡ.

ಸಂಜೆಯ ಸುಲಿಯುವ ಕೆಲಸ ತೋರಿಸಲು ಚೆನ್ನ, ಮಾಡಿಸಲು ಅಲ್ಲ. ಮೆಟ್ಟುಗತ್ತಿ ಮಣೆಯ ಮೇಲೆ ಕೂತು ಎರಡೂ ಕೈಯಲ್ಲಿ ಕಾಯಿ ಒತ್ತಬೇಕು, ಅಭ್ಯಾಸ ಇಲ್ಲದವರ ಹೆಬ್ಬೆರಳು ಮೊದಲು ಹೋಗುತ್ತದೆ. ಅವರಿಗೆ ಉದುರು ಹೆಕ್ಕುವುದು, ಸುಲಿಯುವ ಮೊದಲು ಹಣ್ಣು ಕಾಯಿ ಬೇರ್ಪಡಿಸುವುದು ಕೊಡಿ. ಹಸಿ ಅಡಿಕೆಯನ್ನು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣಾದದ್ದನ್ನು ಸಿಪ್ಪೆ ಸಮೇತ 40–45 ದಿನ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಎರಡನ್ನೂ ಅಂಗೈಯಲ್ಲಿ ಇಟ್ಟು ತೋರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಚೊಗರು ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಹೊರಡುವಾಗ ಮುಖ ಊದಿಸಿಕೊಂಡು ಹೋಗುತ್ತಾರೆ.

ಮಕ್ಕಳಿಗೆ ಖರ್ಚಿಲ್ಲದ ಒಂದು ಆಟ: ದಾಲ್ಚಿನ್ನಿ, ಲವಂಗ, ಏಲಕ್ಕಿ, ಕಾಳುಮೆಣಸು, ವೀಳ್ಯದೆಲೆ, ಮಜ್ಜಿಗೆ ಹುಲ್ಲು, ಇವುಗಳ ಒಂದೊಂದು ಎಲೆ ಕಿತ್ತು ಕಣ್ಣು ಕಟ್ಟಿ ಮೂಸಿಸಿ ಹೆಸರು ಹೇಳಿಸುವುದು. ಎಲೆಯನ್ನು ಅವರ ಎದುರೇ ಹಿಸುಕಬೇಕು, ಹತ್ತು ನಿಮಿಷ ಮೊದಲು ಹಿಸುಕಿದರೆ ಎಲ್ಲವೂ ಸೊಪ್ಪಿನ ವಾಸನೆಯೇ. ಕಾಳುಮೆಣಸಿನ ಬಳ್ಳಿ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಳ್ಳಿ.

ಕೊಳೆ ಔಷಧಿ (ಅಡಿಕೆ ಕೊಳೆರೋಗಕ್ಕೆ) ಹೊಡೆಯುವ ದಿನ ತೋಟ ಪೂರ್ತಿ ಬಂದ್. ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೊ ಹೊಡೆಯುತ್ತೀರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ್ದು, ಅದು ಕೆಳಗಿನ ವೀಳ್ಯದೆಲೆ, ಏಲಕ್ಕಿ, ಬಾಳೆ ಎಲ್ಲದರ ಮೇಲೂ ಬೀಳುತ್ತದೆ. ಆ ದಿನಗಳಲ್ಲಿ "ತೋಟದಿಂದ ಕಿತ್ತ ಎಲೆ" ಅಂತ ಊಟಕ್ಕೆ ಏನೂ ತರಬೇಡಿ.

ಇನ್ನು ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ಹಳ್ಳಕ್ಕೆ ಒಂದೇ ಅಡಿಕೆ ಮರ ಹಾಕಿದ್ದರೆ ನೀವು ಕಣ್ಣು ಮುಚ್ಚಿ ದಾಟುತ್ತೀರಿ, ಚಪ್ಪಲಿ ಹಾಕಿದ ಪೇಟೆಯವರು ದಾಟಲ್ಲ. ಮೂರು ಮರ ಜೋಡಿಸಿ ಕಟ್ಟಿ, ಮೇಲೆ ಕೋಳಿ ಜಾಲರಿ ಬಿಗಿದು ಮೊಳೆ ಹೊಡೆಯಿರಿ (ಪಾಚಿ ಹಿಡಿದರೂ ಕಾಲು ಜಾರಲ್ಲ), ಸೊಂಟದೆತ್ತರಕ್ಕೆ ಒಂದು ಬದಿ ಹಗ್ಗ. ಅಡಿಕೆ ಮರ ಹೊರಗೆ ಗಟ್ಟಿ ಕಂಡರೂ ಒಳಗಿನ ತಿರುಳು ಬೇಗ ಕೊಳೆಯುತ್ತದೆ, ಪ್ರತಿ ಮಳೆಗಾಲದ ಮೊದಲು ಬದಲಾಯಿಸಿ.

---

ಕಾನುದಾರಿ ಉತ್ತರ:

ಕಾಡು, ನೀರಿನ ವಿಷಯ ನಾನು ಹೇಳುತ್ತೇನೆ. ಮೊದಲಿಗೆ ಎಲ್ಲರೂ ಉಲ್ಟಾ ತಿಳಿದಿರುವ ಒಂದು ಸಂಗತಿ. ಮಳೆಗಾಲದಲ್ಲಿ ಉಂಬಳ (ಕಾಡಿನ ಜಿಗಣೆ) ಇದೆ ಅಂತ ಹೆದರಿ "ಡಿಸೆಂಬರ್ ಮೇಲೆ ಬನ್ನಿ, ಕಾಡು ಸುತ್ತಲು ಆರಾಮ" ಅನ್ನುತ್ತಾರೆ. ಉಂಬಳ ರಕ್ತ ಕುಡಿಯುತ್ತದೆ, ಅಷ್ಟೇ. ಡಿಸೆಂಬರ್‌ನಿಂದ ಮೇವರೆಗಿನ ಒಣ ಕಾಲ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು, 2024ರಲ್ಲೂ ಸಿದ್ದಾಪುರ ತಾಲ್ಲೂಕಿನಲ್ಲಿ ಪ್ರಕರಣಗಳು ಬಂದಿವೆ. ಹರಡುವುದು ಉಣುಗಿನಿಂದ (ಉಣ್ಣೆ ಹುಳ). ಮಳೆ ನಿಂತ ಮೇಲೆ ಹುಟ್ಟುವ ಸಣ್ಣ ಮರಿ ಉಣುಗು ಕಣ್ಣಿಗೇ ಬೀಳದಷ್ಟು ಚಿಕ್ಕದು, ತರಗೆಲೆಯ ಮೇಲೆ ಕೂತವರ ಮೈಗೆ ಹತ್ತುತ್ತದೆ.

ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ನನ್ನ ಪಟ್ಟು ಹೀಗೆ. ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯಾ ಕೇಳುವುದು. ಇದ್ದರೆ ಆ ವಾರ ಕಾನಿಗೆ ಹೋಗುವುದೇ ಇಲ್ಲ, ದುಡ್ಡು ವಾಪಸ್. ಇಲ್ಲದಿದ್ದರೂ ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ತಿಳಿ ಬಣ್ಣದ ಬಟ್ಟೆ ಹಾಕಿದರೆ ಹತ್ತಿದ ಉಣುಗು ಕಾಣುತ್ತದೆ. ಉಣುಗು ಹತ್ತದಂತೆ ಹಚ್ಚುವ ಡೆಪಾ ತೈಲ ಆರೋಗ್ಯ ಇಲಾಖೆಯವರು ಕೊಡುತ್ತಾರೆ, ಕೈಕಾಲಿಗೆ ಹಚ್ಚಿ. ದಾರಿಯಲ್ಲಿ ತರಗೆಲೆ ಮೇಲೆ ಕೂರುವಂತಿಲ್ಲ, ಸೊಪ್ಪಿನ ಬೆಟ್ಟದಲ್ಲಿ ದರಕು (ಒಣ ಎಲೆ) ಗುಡಿಸಿಟ್ಟ ರಾಶಿಯ ಹತ್ತಿರ ಮಕ್ಕಳನ್ನು ಬಿಡುವಂತಿಲ್ಲ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಬಟ್ಟೆ ಬಕೆಟ್ಟಿನ ಬಿಸಿನೀರಿಗೆ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಲು ಹೇಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ಬೆರಳಲ್ಲಿ ಹೊಸಕಬಾರದು. ಊರಿಗೆ ಹೋದ ಮೇಲೆ ಜ್ವರ ಬಂದರೆ ವೈದ್ಯರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಕಚ್ಚಿದ 3–8 ದಿನದಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ, ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಕೂತವರಿಗೆ ಈ ರೋಗ ತಟ್ಟನೆ ಹೊಳೆಯುವುದಿಲ್ಲ. ಇದನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಹೊರಡುವಾಗ ಕೈಗೆ ಕೊಡಿ.

ಉಂಬಳಕ್ಕೆ ಬರೋಣ. ಜೂನ್‌ನಿಂದ ನವೆಂಬರ್ ಶುರುವಿನವರೆಗೆ. ಒತ್ತು ನೇಯ್ಗೆಯ ಬಟ್ಟೆಯ, ಮೊಣಕಾಲಿನವರೆಗೆ ಬರುವ ಉಂಬಳದ ಸಾಕ್ಸ್ ಹತ್ತು ಜೊತೆ ಹೊಲಿಸಿಟ್ಟುಕೊಳ್ಳಿ, ಸಾಮಾನ್ಯ ಸಾಕ್ಸಿನ ಹೆಣಿಗೆಯೊಳಗೆ ಅದು ನುಸುಳುತ್ತದೆ. ಬೂಟಿನ ಮೇಲೆ ಹೊಗೆಸೊಪ್ಪಿನ ನೀರು ಅಥವಾ ಬೇವಿನೆಣ್ಣೆ ಹಚ್ಚಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಹಳ್ಳ ದಾಟಿದರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಕಚ್ಚಿದ ಉಂಬಳದ ಮೇಲೆ ಉಪ್ಪು ಸುರಿಯುವುದು ನಮ್ಮ ಹಳೇ ರೂಢಿ. ಆದರೆ ಉಪ್ಪು ಬಿದ್ದಾಗ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ತೆಳ್ಳಗಿನ ತುದಿಯ ಬಾಯಿ ಇರುವ ಕಡೆ ಉಗುರಿಟ್ಟು ಪಕ್ಕಕ್ಕೆ ಜಾರಿಸಿದರೆ ಸಾಕು, ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಜೊಲ್ಲು ಬಿಟ್ಟಿರುತ್ತದೆ, ಗಂಟೆಗಟ್ಟಲೆ ಒಸರುವುದು ಸಹಜ ಅಂತ ತಿಳಿಸಿ, ಇಲ್ಲವಾದರೆ ಗಾಬರಿಯಾಗುತ್ತಾರೆ. ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರನ್ನು ಮಳೆಗಾಲದಲ್ಲಿ ಕಾನಿಗೆ ಒಯ್ಯಬೇಡಿ.

ಗುಂಪಿನಲ್ಲಿ ಎಂಟು ಜನಕ್ಕಿಂತ ಹೆಚ್ಚು ಬೇಡ. ಮುಂದೆ ಒಬ್ಬ, ಹಿಂದೆ ಒಬ್ಬ ಊರಿನವರು. ಬೆಳಿಗ್ಗೆ ಏಳಕ್ಕೆ ಹೊರಟು ಒಂಬತ್ತೂವರೆಗೆ ವಾಪಸ್, ದೂರ ಮೂರು ಕಿಲೋಮೀಟರ್ ದಾಟಬಾರದು. ಸೊಪ್ಪಿನ ಬೆಟ್ಟದಲ್ಲಿ ನಿಮ್ಮ ಹಕ್ಕು ಸೊಪ್ಪು, ದರಕಿಗೆ. ಅಲ್ಲಿ ಟೆಂಟು ಹಾಕಿ ಬೆಂಕಿ ಹಾಕುವುದಕ್ಕೆ ಹಕ್ಕಿಲ್ಲ. ಮೀಸಲು ಅರಣ್ಯದೊಳಗೆ ಚಾರಣ ಅಂದರೆ ಇಲಾಖೆಯ ಅನುಮತಿ ಬೇಕು, ಅವರ ಚಾರಣಪಥಗಳಿಗೆ 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕಿಂಗ್ ಇದೆ. ಕತ್ತಲೆಕಾನಿನ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ಜಗತ್ತಿನಲ್ಲೇ ಅಪರೂಪದ್ದು. ಮಂಡಿ ಮಡಚಿದ ಹಾಗೆ ನೀರಿನಿಂದ ಮೇಲೆದ್ದ ಬೇರುಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಆ ಬೇರುಗಳು ಉಸಿರಾಡುವುದೇ ಅಲ್ಲಿಂದ, ತುಳಿದರೆ ಮರಕ್ಕೆ ಪೆಟ್ಟು. ಅಘನಾಶಿನಿ ಕಣಿವೆ ಸಿಂಗಳೀಕಗಳ ಸಂರಕ್ಷಿತ ಪ್ರದೇಶ. ಅವುಗಳಿಗೆ ಬಾಳೆಹಣ್ಣು ಹಾಕಿದರೆ ರಸ್ತೆಗಿಳಿಯಲು ಕಲಿಯುತ್ತವೆ, ಆಮೇಲೆ ಗಾಡಿಗೆ ಸಿಗುತ್ತವೆ. ಅನುಮತಿ ಪಡೆದೇ, ಬೆರಳೆಣಿಕೆಯ ಆಸಕ್ತರನ್ನು ಮಾತ್ರ ಒಯ್ಯಿರಿ. ಎಲ್ಲರಿಗೂ ಎಲ್ಲವನ್ನೂ ತೋರಿಸಬೇಕೆಂದೇನಿಲ್ಲ.

ಮಿಂಚುಹುಳಕ್ಕೆ ಮೇ ಕೊನೆ, ಜೂನ್ ಮೊದಲ ವಾರ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಕತ್ತಲ ರಾತ್ರಿ. ಕಾಡಿನೊಳಗೆ ಹೋಗುವುದೇ ಬೇಡ, ಗದ್ದೆಯ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಅಂಗಳದ ದೀಪವೂ ಸೇರಿ ಎಲ್ಲ ಆರಿಸಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಒಬ್ಬ ಮೊಬೈಲ್ ತೆರೆದರೆ ಎಲ್ಲರದ್ದೂ ಹಾಳು. ಅಲ್ಲಿಗೆ ನಡೆದು ಹೋಗಲು ಮಾತ್ರ ಟಾರ್ಚ್ ಕಡ್ಡಾಯ, ಕಾಲಿಗೆ ಬೂಟು. ಹಾವು ಓಡಾಡುವ ಹೊತ್ತು ಅದು.

ಹಳ್ಳ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರನ್ನೂ ಇಳಿಸಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಸುರಿದರೆ ಕೆಲವೇ ನಿಮಿಷದಲ್ಲಿ ನೀರು ಏರುತ್ತದೆ. ತಿಳಿ ನೀರು ಕೆಂಪಾಗುವುದು, ಕಡ್ಡಿ ಕಸ ತೇಲಿ ಬರುವುದು ಕಂಡರೆ ಕೂಡಲೇ ದಡ. ಉಳಿದ ತಿಂಗಳಲ್ಲಿ ಸೊಂಟದಾಳಕ್ಕಿಂತ ಕಡಿಮೆ ಇರುವ, ತಳ ಮರಳಿರುವ ಒಂದೇ ಜಾಗ ಗೊತ್ತು ಮಾಡಿ ಎರಡೂ ಬದಿ ಹಗ್ಗ ಕಟ್ಟಿ. ಬಂಡೆಯಿಂದ ಧುಮುಕಲು ಬಿಡಬೇಡಿ, ಮಳೆಗಾಲ ಕಳೆದಾಗ ತಳದ ಕಲ್ಲು ಜಾಗ ಬದಲಿಸಿರುತ್ತದೆ. ಲೈಫ್ ಜಾಕೆಟ್ ನಾಲ್ಕಾದರೂ ಇರಲಿ, ಮಕ್ಕಳ ಅಳತೆಯದ್ದು ಬೇರೆ. ದೊಡ್ಡದನ್ನು ಮಗುವಿಗೆ ಹಾಕಿದರೆ ನೀರಿನಲ್ಲಿ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

---

ಕೊಪ್ಪರಿಗೆ ಉತ್ತರ:

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಆಲೆಮನೆ (ಕಬ್ಬರೆದು ಬೆಲ್ಲ ಮಾಡುವ ಜಾಗ) ಬಿಟ್ಟು ಬೇರೆ ಯೋಚನೆ ಮಾಡಬೇಡಿ ಮಾರಾಯ್ರೆ. ನಿಮ್ಮಲ್ಲಿ ಕಬ್ಬು ಇಲ್ಲದಿದ್ದರೂ ಊರಲ್ಲಿ ಯಾರದ್ದಾದರೂ ಇರುತ್ತದೆ. ಅವರಿಗೆ ಹಿಂದಿನ ದಿನವೇ ಎಷ್ಟು ಜನ ಅಂತ ಹೇಳಿ, ಕಬ್ಬಿನಹಾಲಿಗೆ, ಬೆಲ್ಲಕ್ಕೆ ದುಡ್ಡು ಕೊಡಿ. ಆಲೆಮನೆಗೆ ಬಂದವರಿಗೆ ಪುಕ್ಕಟೆ ಕಬ್ಬಿನಹಾಲು ಕೊಡುವುದು ಊರ ಮರ್ಯಾದೆ, ಅದನ್ನು ನಾವು ಪ್ಯಾಕೇಜಿಗೆ ಸೇರಿಸಿ ದುಡ್ಡು ಮಾಡಿಕೊಳ್ಳುವುದು ಸರಿಯಲ್ಲ.

ಹೊತ್ತು ಮುಖ್ಯ. ಒಂದು ಕೊಪ್ಪರಿಗೆ (ದೊಡ್ಡ ಕಡಾಯಿ) ಪಾಕ ಆಗಲು ಮೂರು-ನಾಲ್ಕು ಗಂಟೆ ಬೇಕು. ನಾಲ್ಕಕ್ಕೆ ಕರೆದುಕೊಂಡು ಹೋಗಿ ಹಾಲು ಕುಡಿಸಿ ಐದಕ್ಕೆ ವಾಪಸ್ ಬಂದರೆ ನೋಡಬೇಕಾದದ್ದು ನೋಡೇ ಇಲ್ಲ. ಕಬ್ಬರೆಯುವ ಹೊತ್ತಿಗೆ ಒಂದು ಸಲ, ಕೊಪ್ಪರಿಗೆ ಇಳಿಸುವ ಹೊತ್ತಿಗೆ ಇನ್ನೊಂದು ಸಲ. ಕುದಿ ಬರುವಾಗ ಚೂರು ಸುಣ್ಣದ ತಿಳಿ ಹಾಕುತ್ತಾರೆ, ಕಲ್ಮಶ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿ ಸೌಟಿನಲ್ಲಿ ತೆಗೆಯುತ್ತಾರೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಹುಳಿ. ಕೊನೆಗೆ ಸಣ್ಣ ಗುಳ್ಳೆ ಹೋಗಿ ದೊಡ್ಡ ದಪ್ಪ ಗುಳ್ಳೆ ಪಟಪಟ ಒಡೆಯುವಾಗ ಹದ. ನಮ್ಮ ಕಡೆಯ ಜೋನಿ (ನೀರು) ಬೆಲ್ಲ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಇಳಿಯುತ್ತದೆ, ಅಚ್ಚುಬೆಲ್ಲಕ್ಕೆ 118ರ ಹತ್ತಿರ ಹೋಗಬೇಕು. ಹಾಗಾಗಿ "ಅಚ್ಚು ಹಾಕೋದು ಯಾವಾಗ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡಿ, ಇಲ್ಲಿ ಡಬ್ಬಕ್ಕೆ ಸುರಿಯುವುದು ಅಂತ.

ಅಪಾಯ ಎರಡು ಕಡೆ. ಗಾಣದ ಬಾಯಿಗೆ ದುಪಟ್ಟಾ, ಶಾಲು, ಮಕ್ಕಳ ಬೆರಳು. ಕಬ್ಬು ಕೊಡುವವನ ಬದಿ ಯಾರೂ ನಿಲ್ಲಬಾರದು, ಆರಡಿ ದೂರಕ್ಕೆ ಗಳ ಕಟ್ಟಿ. ಎರಡನೆಯದು ಕೊಪ್ಪರಿಗೆ ಇಳಿಸುವ ಕ್ಷಣ. ಬಿಸಿ ಜೋನಿ ಮೈಗೆ ಬಿದ್ದರೆ ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಗಳ ಹೊತ್ತು ಇಳಿಸುವ ದಾರಿ ಖಾಲಿ ಇರಲಿ, ವಿಡಿಯೋ ಮಾಡುವವರು ಗೋಡೆ ಬದಿಗೆ.

ಹಾಲು ಅರೆದ ಅರ್ಧ ಗಂಟೆಯೊಳಗೆ ಕುಡಿಯಬೇಕು. ಶುಂಠಿ, ನಿಂಬೆ ಸೇರಿಸಿ. ಪೇಟೆ ಐಸು ಬೇಡವೇ ಬೇಡ, ಹೊಟ್ಟೆ ಕೆಡುವುದು ಹಾಲಿಗಿಂತ ಐಸಿನಿಂದ. ಎರಡು ಲೋಟ ಆದಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿ, ಮೂರನೇ ಲೋಟ ತಾನಾಗಿ ತಪ್ಪುತ್ತದೆ.

ಮಾರನೇ ದಿನ ಬೆಳಿಗ್ಗೆ ತೊಡದೇವು (ಮಡಿಕೆಯ ಮೇಲೆ ಎರೆಯುವ ತೆಳು ಸಿಹಿ ತಿಂಡಿ) ಮಾಡಿಸಿ. ಮಡಿಕೆ ಹೊಟ್ಟೆ ಅಗಲ ಇರುವ, ಹಳೆಯ, ಎಣ್ಣೆ ಕುಡಿದು ಕಪ್ಪಾದದ್ದೇ ಬೇಕು. ಹೊಸದರಲ್ಲಿ ಒಂದೂ ಏಳುವುದಿಲ್ಲ. ಬಾಯಿ ಕೆಳಗೆ ಮಾಡಿ ಒಲೆಯ ಮೇಲೆ ಕೂರಿಸಿ. ಅಕ್ಕಿ ನಾಲ್ಕೈದು ಗಂಟೆ ನೆನೆಸಿ, ಕಬ್ಬಿನಹಾಲಿನಲ್ಲೇ ನುಣ್ಣಗೆ ರುಬ್ಬಿ, ಚಿಟಿಕೆ ಅರಿಶಿನ, ಉಪ್ಪು. ಹಿಟ್ಟು ನೀರ್ದೋಸೆ ಹಿಟ್ಟಿನಷ್ಟು ತೆಳು. ತೆಳು ಬಿಳಿ ಬಟ್ಟೆಯ ಪಟ್ಟಿಯನ್ನು ಕೋಲಿಗೆ ಕಟ್ಟಿ ಹಿಟ್ಟಿನಲ್ಲಿ ಅದ್ದಿ ಮಡಿಕೆಯ ಹೊಟ್ಟೆಯ ಮೇಲೆ ಒಂದೇ ಎಳೆತಕ್ಕೆ ಎಳೆಯಬೇಕು. ಎರಡನೇ ಸಲ ಎಳೆದರೆ ಮೊದಲಿನದು ಕಿತ್ತು ಬರುತ್ತದೆ. ಅಂಚು ಎದ್ದ ಕೂಡಲೇ ಸಟ್ಟುಗದ ತುದಿಯಲ್ಲಿ ಬಿಡಿಸಿ ಬಿಸಿಯಲ್ಲೇ ಮಡಚಬೇಕು, ಹತ್ತು ಎಣಿಸುವುದರೊಳಗೆ ಗರಿಗರಿಯಾಗಿ ಮುರಿಯುತ್ತದೆ. ಸಿಹಿ ಹೆಚ್ಚಾದರೆ ಕರಟುತ್ತದೆ, ಆಗ ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ. ಉರಿ ಅಡಿಕೆ ಸಿಪ್ಪೆಯದ್ದಾದರೆ ಒಂದೇ ಸಮ ಇರುತ್ತದೆ, ಗ್ಯಾಸ್ ಒಲೆಯಲ್ಲಿ ನಡು ಮಾತ್ರ ಕಾಯುತ್ತದೆ. ಎಂಟು ಜನಕ್ಕೆ ಎರಡು ಮಡಿಕೆ ಇಡಿ, ಕಾಯುವುದು ಬೇಜಾರು. ತಿನ್ನಲು ತುಪ್ಪ, ಆಕಳ ಹಾಲು. ಒಯ್ಯುವವರಿಗೆ ಗಾಳಿಯಾಡದ ಡಬ್ಬಿ.

---

ಚೌಕಿಮನೆ ಉತ್ತರ:

ಅಂಗಳದ ಯಕ್ಷಗಾನಕ್ಕೆ ನನ್ನ ಮೊದಲ ಸಲಹೆ, ಮಾಡಿಸುವ ಮುಂಚೆ ನಿಜವಾದ ಆಟಕ್ಕೆ ಕರೆದುಕೊಂಡು ಹೋಗಲು ಸಾಧ್ಯವೇ ನೋಡಿ. ನವೆಂಬರ್‌ನಿಂದ ಮೇವರೆಗೆ ಮೇಳಗಳ ತಿರುಗಾಟ ಇರುತ್ತದೆ, ಸಿದ್ದಾಪುರ, ಶಿರಸಿ, ಹೊನ್ನಾವರದ ಸುತ್ತ ವಾರಾಂತ್ಯದಲ್ಲಿ ಎಲ್ಲಾದರೂ ಒಂದು ಕಡೆ ಆಟ ಸಿಕ್ಕೇ ಸಿಗುತ್ತದೆ. ಹೊರಡುವ ಮೊದಲು ಪ್ರಸಂಗದ ಕತೆಯನ್ನು ಹತ್ತು ನಿಮಿಷ ಹೇಳಿ, ಯಾವ ವೇಷ ಯಾರು ಅಂತ ಗುರುತು ಕೊಡಿ. ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಕರೆದುಕೊಂಡು ಹೋಗುವುದಾದರೆ ಕೇಳಿಕೊಂಡು ಹೋಗಿ. ಚಪ್ಪಲಿ ಹೊರಗೆ, ಕಿರೀಟ ಮುಟ್ಟುವಂತಿಲ್ಲ, ಬಣ್ಣ ಬರೆಯುವಾಗ ಫ್ಲ್ಯಾಶ್ ಹೊಡೆಯುವಂತಿಲ್ಲ. ಇಡೀ ರಾತ್ರಿ ಕೂರಿಸಬೇಡಿ, ಒಡ್ಡೋಲಗ (ವೇಷಗಳ ಮೊದಲ ಪ್ರವೇಶ) ಮತ್ತೊಂದು ಯುದ್ಧ ನೋಡಿ ಬಂದರೂ ಸಾಕು.

ಮನೆಯಲ್ಲೇ ಆಗಬೇಕೆಂದರೆ ಒಂದು ಗಂಟೆಯ ತುಣುಕು. ಭಾಗವತರು, ಮದ್ದಳೆ, ಚಂಡೆ, ಎರಡು ಅಥವಾ ಮೂರು ವೇಷ, ಬಣ್ಣ-ವೇಷ ಕಟ್ಟಲು ಒಬ್ಬರು, ಅಂದರೆ ಆರೇಳು ಜನ. ಮುಖವರ್ಣಿಕೆ, ವೇಷ ಕಟ್ಟುವುದಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಅದನ್ನೂ ಕಾರ್ಯಕ್ರಮದ ಭಾಗ ಮಾಡಿ, ಕಲಾವಿದರು ಒಪ್ಪಿದರೆ. ನೋಡುವವರಿಗೆ ಆಟಕ್ಕಿಂತ ಇದೇ ಹೆಚ್ಚು ಹಿಡಿಸುವುದುಂಟು.

ಹದಿನೈದಡಿ ಚೌಕದ ಜಾಗ ಸಾಕು, ಆದರೆ ನೆಲ ನೋಡಿ. ಬಡಗುತಿಟ್ಟಿನಲ್ಲಿ (ನಮ್ಮ ಕಡೆಯ ಯಕ್ಷಗಾನದ ಶೈಲಿ) ಮಂಡಿಯ ಮೇಲೆ ತಿರುಗುವುದಿದೆ. ಟೈಲ್ಸ್ ಮೇಲೆ ಗೆಜ್ಜೆಕಾಲು ಜಾರುತ್ತದೆ, ಒರಟು ಸಿಮೆಂಟಿನಲ್ಲಿ ಮಂಡಿ ಕಿತ್ತುಹೋಗುತ್ತದೆ, ಜಮಖಾನ ಹಾಸಿದರೆ ಸುತ್ತಿಕೊಳ್ಳುತ್ತದೆ. ಚೆನ್ನಾಗಿ ಬಡಿದು ಸಾರಿಸಿದ ಮಣ್ಣಿನ ಅಂಗಳವೇ ಸರಿ, ಇಲ್ಲವಾದರೆ ಬಿಗಿಯಾಗಿ ಕೂರಿಸಿದ ಹಲಗೆ. ಮೈಕ್ ಬೇಡ. ತೇವದ ಹವೆಗೆ ಮದ್ದಳೆ, ಚಂಡೆಯ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಸುತ್ತ ಮಳೆ ಇದ್ದರೆ ಕಾಯಿಸಲು ಕೆಂಡದ ವ್ಯವಸ್ಥೆ ಇರಲಿ. ಮಳೆಗಾಲಕ್ಕೆ ತಾಳಮದ್ದಳೆ ಇದೆ, ವೇಷವೂ ಬೇಡ, ಅಂಗಳವೂ ಬೇಡ, ಜಗಲಿ ಸಾಕು. ಆದರೆ ಅದು ಮಾತಿನ ಕಲೆ. ಕನ್ನಡ ಬಾರದವರ ಎದುರು ಇಟ್ಟರೆ ಅರ್ಥಧಾರಿಗೂ (ಕೂತು ಪಾತ್ರದ ಮಾತಾಡುವವರಿಗೂ) ಅವಮಾನ, ಅವರಿಗೂ ಹಿಂಸೆ.

ಊಟದ ಹೊತ್ತಿಗೆ ಹಿನ್ನೆಲೆಯಾಗಿ ಕುಣಿಸುವುದು, ಕುಡಿದು ಕೂತವರ ಎದುರು ಕುಣಿಸುವುದು, ಎರಡಕ್ಕೂ ಕಲಾವಿದರು ಒಪ್ಪಬಾರದು, ನೀವೂ ಕೇಳಬಾರದು.

ಹಸೆ ಚಿತ್ತಾರವನ್ನು ಯಾರೂ ಹೇಳಿಲ್ಲ. ಅದು ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಕಲೆ. ಬರೆಯಬಲ್ಲವರನ್ನೇ ಕರೆಸಿ, ಕೂಲಿಯ ಲೆಕ್ಕದಲ್ಲಿ ಬೇಡ, ಗುರುಗಳ ಗೌರವಧನ ಕೊಡಿ. ಒಂದಡಿ ಚೌಕದ ಹಲಗೆಗಳಿಗೆ ಹಿಂದಿನ ದಿನವೇ ಕೆಮ್ಮಣ್ಣು ಬಳಿದು ಒಣಗಿಸಿಡಿ, ಹಸಿ ಇದ್ದರೆ ಬಿಳಿ ಹರಡುತ್ತದೆ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಎರಡು ಗಂಟೆಯಲ್ಲಿ ಒಂದು ಅಂಚಿನ ಎಳೆ ನೇರ ಬಂದರೆ ದೊಡ್ಡದು. ಇದನ್ನು 'ನಮ್ಮ ವಾರ್ಲಿ' (ಮಹಾರಾಷ್ಟ್ರದ ಬುಡಕಟ್ಟು ಚಿತ್ರಕಲೆ) ಅಂತ ಪರಿಚಯಿಸುವವರಿದ್ದಾರೆ, ದಯವಿಟ್ಟು ಬೇಡ. ಸೀಗೆ ಹುಣ್ಣಿಮೆಯಂದೇ ಬರುವ ಭೂಮಿ ಹುಣ್ಣಿಮೆಯಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಅದು ಅವರ ಮನೆಯ ಪೂಜೆ, ಕರೆದರೆ ಮಾತ್ರ ಹೋಗಿ.

ದಿನ ನೋಡಿ ಬುಕಿಂಗ್ ತೆಗೆದುಕೊಳ್ಳುವವರಿಗೆ: ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬದಲ್ಲಿ ಬೇಡರ ವೇಷದ ಕುಣಿತ. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ. ನಾಟಕದ ಆಸಕ್ತಿ ಇರುವವರಿಗೆ ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆ, ಅದೇ ಸಾಗರದ ಸುತ್ತಮುತ್ತ ಇಕ್ಕೇರಿ ಅಘೋರೇಶ್ವರ, ಕೆಳದಿ ದೇವಸ್ಥಾನಗಳು. ಬನವಾಸಿಗೆ ಬೇರೆಯೇ ಅರ್ಧ ದಿನ ಇಡಿ.

---

ತೋಟದಂಚು:

ಎಲ್ಲರಿಗೂ ನಮಸ್ಕಾರ. ಮಂಗನ ಕಾಯಿಲೆಯ ಚೀಟಿ ನಾಳೆಯೇ ಅಚ್ಚಿಗೆ ಕೊಡುತ್ತೇನೆ. ಇನ್ನೆರಡು ಪ್ರಶ್ನೆ. ಜುಲೈನಲ್ಲಿ ಕೆಸರುಗದ್ದೆ ಆಟ ಬೇಕು ಅಂತ ತುಂಬ ಜನ ಕೇಳುತ್ತಾರೆ, ಮಾಡಿಸಬಹುದಾ? ಏಪ್ರಿಲ್-ಮೇನಲ್ಲಿ ಮನೆಯೊಳಗೆ ಏನು ಇಟ್ಟುಕೊಳ್ಳಬಹುದು?

---

ಸೊಪ್ಪಿನಬೆಟ್ಟ:

ಕೆಸರುಗದ್ದೆ ಮಾಡಿಸಬಹುದು, ನಾಟಿಗೆ ಮೊದಲು, ಒಂದೇ ಗದ್ದೆಯಲ್ಲಿ. ಎರಡು ಸಲ ಟಿಲ್ಲರ್ ಹೊಡೆದು, ಕಲ್ಲು, ಗಾಜು, ಶಂಖದ ಹುಳದ ಚಿಪ್ಪು ಕೈಯಾಡಿಸಿ ಹೆಕ್ಕಿ. ಗೊಬ್ಬರ ಹಾಕಿದ ಗದ್ದೆ ಬೇಡ. ಕೆಸರು ಪಾದ ಮುಳುಗಿ ಮೀನಖಂಡ ಮುಟ್ಟುವಷ್ಟಿರಲಿ, ಮೇಲೆ ನಾಲ್ಕು ಬೆರಳು ನೀರು. ನೀರು ಕಡಿಮೆಯಾಗಿ ಅಂಟಾದರೆ ಪಾದ ಹೂತು ಮೈ ಮಾತ್ರ ತಿರುಗಿ ಮಂಡಿ ಉಳುಕುತ್ತದೆ, ಹಗ್ಗಜಗ್ಗಾಟದಲ್ಲಿ ಆಗುವುದು ಇದೇ. ಕಾಲಲ್ಲಿ ಗಾಯ, ಬಿರುಕು ಇದ್ದವರನ್ನು ಇಳಿಸಬೇಡಿ. ಗದ್ದೆಯ ನೀರಲ್ಲಿ ಇಲಿ ಉಚ್ಚೆ ಇರುತ್ತದೆ, ಇಲಿಜ್ವರ ಗಾಯದ ಮೂಲಕ ಒಳಹೋಗುತ್ತದೆ, ಕಣ್ಣು, ಮೂಗು, ಬಾಯಿಯ ಮೂಲಕವೂ ಹೋಗಬಹುದು. ತೊಳೆಯಲು ತೋಟದ ಪಂಪಿಗೆ ಪೈಪು ಸಿಕ್ಕಿಸಿ ಗದ್ದೆ ಬದುವಿನಲ್ಲೇ ನಿಲ್ಲಿಸಿ. ನೇರ ಬಚ್ಚಲಿಗೆ ಬಿಟ್ಟರೆ ಮಾರನೇ ದಿನ ನಿಮ್ಮ ಚರಂಡಿ ಕಟ್ಟಿಕೊಳ್ಳುತ್ತದೆ.

ನಾಟಿ ಮಾಡುತ್ತೇವೆ ಅಂದರೆ ಅಂಚಿನ ಎರಡು ಗುಂಟೆ ಬಿಟ್ಟುಕೊಡಿ. 21–25 ದಿನದ ಸಸಿ, ಒಂದು ಬುಡಕ್ಕೆ ಎರಡು-ಮೂರು, ಒಂದಂಗುಲ ಆಳ. ಹೊಸಬರು ಮುಷ್ಟಿ ತುಂಬ ಹಿಡಿದು ಮಣಿಕಟ್ಟಿನವರೆಗೆ ಹೂಳುತ್ತಾರೆ, ಹಾಗೆ ಹೂತದ್ದು ಮರಿ ಒಡೆಯುವುದಿಲ್ಲ. ವಾರದೊಳಗೆ ತೇಲಿದ್ದು, ಸತ್ತದ್ದನ್ನು ನೋಡಿ ತುಂಬಿಸಿಕೊಳ್ಳಿ. ನೆಟ್ಟಿ ಹೆಂಗಸರ ಫೋಟೋ ತೆಗೆಯುವ ಮುನ್ನ ಅವರನ್ನು ಕೇಳಲು ಹೇಳಿ.

---

ಕೊಪ್ಪರಿಗೆ:

ಏಪ್ರಿಲ್-ಮೇ ಅಂದರೆ ಹಲಸಿನ ಹಪ್ಪಳ, ಮತ್ತೇನು. ಬೆಳೆದು ಬಲಿತ, ಆದರೆ ಹಣ್ಣಾಗದ ಕಾಯಿ. ಚೂರು ಹಣ್ಣಾಗಲು ಹೊರಟಿದ್ದರೂ ಸಿಹಿ ಬಂದಿರುತ್ತದೆ, ಕರಿಯುವಾಗ ಕೆಂಪಾಗಿ ಮೆತ್ತಗಾಗುತ್ತದೆ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚದೆ ಮೇಣಕ್ಕೆ ಕೈಹಾಕಲು ಬಿಡಬೇಡಿ. ತೊಳೆಯನ್ನು 20–25 ನಿಮಿಷ ಆವಿಯಲ್ಲಿ ಬೇಯಿಸಿ ಬಿಸಿ ಇರುವಾಗಲೇ ಉಪ್ಪು, ಒಣಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ಆರಿದ ಮೇಲೆ ಕುಟ್ಟಿದರೆ ಹಿಟ್ಟು ಕೂಡಿಕೊಳ್ಳದೆ ಹಪ್ಪಳದ ಅಂಚು ಸೀಳುತ್ತದೆ. ಒನಕೆ ಹಿಡಿಯಲು ಎಲ್ಲರೂ ಮುಂದೆ ಬರುತ್ತಾರೆ, ಸರದಿ ಹಾಕಿ. ನಿಂಬೆಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿ, ಚಾಪೆಗೆ. ಒಂದು ಮಧ್ಯಮ ಕಾಯಿ ಎರಡು ಗಂಟೆಗೆ ಸಾಕು.

ಒಣಗಲು ಎರಡು-ಮೂರು ಬಿಸಿಲು ಬೇಕು, ಅಷ್ಟರಲ್ಲಿ ಅವರು ಹೊರಟಿರುತ್ತಾರೆ. ಹಿಂದಿನ ವಾರದವರು ಒತ್ತಿದ್ದನ್ನು ಕರಿದು ತಿನ್ನಿಸಿ, ಇವರು ಒತ್ತಿದ್ದನ್ನು ಚೀಟಿ ಅಂಟಿಸಿ ಒಣಗಿಸಿಟ್ಟು ಪಾರ್ಸೆಲ್ ಕಳಿಸಿ. ಅಂಚೆ ಖರ್ಚು ಮೊದಲೇ ಬಾಡಿಗೆಯಲ್ಲಿ ಸೇರಿಸಿಕೊಳ್ಳಿ, ಆಮೇಲೆ ಕೇಳಲು ಮುಜುಗರ.

---

ಕಾನುದಾರಿ:

ಒಂದು ಬಿಟ್ಟುಹೋಗಿತ್ತು. ಜೋಗ, ಉಂಚಳ್ಳಿ, ಯಾಣ ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಂಡು ಬರುವವರಿಗೆ ಬುಕಿಂಗ್ ಹೊತ್ತಿಗೇ ಬೇಡ ಅನ್ನಿ. ಘಟ್ಟದ ರಸ್ತೆಯಲ್ಲಿ ಇಡೀ ದಿನ ಕಾರಿನಲ್ಲೇ ಹೋಗುತ್ತದೆ. ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗೆಂದು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಜೋಗದಲ್ಲಿ ಬಂಡೆಯೇ ಹೆಚ್ಚು ಕಾಣುವುದು. ಜುಲೈನಲ್ಲಿ ಹೋದರೆ ಮಂಜು ಮುಚ್ಚಿರುತ್ತದೆ, ಅರ್ಧ ಗಂಟೆ ಕಾದರೆ ಒಂದೆರಡು ಸಲ ಸರಿದು ತೋರಿಸುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಹೊತ್ತು. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಬೀಳುತ್ತದೆ, ಅಲ್ಲಿ ಅಣೆಕಟ್ಟಿಲ್ಲ, ಡಿಸೆಂಬರಿನಲ್ಲೂ ಚೆಂದ. ಅಟ್ಟಣಿಗೆಯಿಂದ ನೋಡಿ ವಾಪಸ್ ಬರಬೇಕು, ಕೆಳಗಿಳಿಯುವ ದಾರಿ ಕೇಳಿದರೆ ಹೇಳಬೇಡಿ.

ವಿದೇಶದ ಪಾಸ್‌ಪೋರ್ಟ್ ಇರುವವರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್ ತುಂಬಬೇಕು (ಹಿಂದೆ ಇದಕ್ಕೆ ಸಿ ಫಾರ್ಮ್ ಅನ್ನುತ್ತಿದ್ದರು). ಅಮೆರಿಕದಿಂದ ಬಂದ ನಮ್ಮವರೇ ಆದರೂ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ.